ಕೆರೆಯ ಮೇಲೆ ಚಂದ್ರ: ಭೂದೃಶ್ಯ ಛಾಯಾಚಿತ್ರ ನೋಡುವ ಬಗೆ

ಭೂದೃಶ್ಯ ಛಾಯಾಚಿತ್ರವನ್ನು ನೋಡುವ ಕಣ್ಣು ಮೊದಲು ನೆರಳನ್ನು ಹುಡುಕಬೇಕು. ನೆರಳು ಬಿದ್ದ ದಿಕ್ಕಿನಿಂದ ಸೂರ್ಯ ಎಲ್ಲಿದ್ದನೆಂದೂ ಅದರ ಉದ್ದದಿಂದ ಆಗ ಹೊತ್ತೆಷ್ಟಾಗಿತ್ತೆಂದೂ ಗೊತ್ತಾಗುತ್ತದೆ. ತುಮಕೂರಿನ ಬಳಿಯ ದೇವರಾಯನದುರ್ಗವನ್ನು ನಡುಮಧ್ಯಾಹ್ನ ತೆಗೆದರೆ ಬಂಡೆಗಳೆಲ್ಲ ಚಪ್ಪಟೆಯಾಗಿ ಒಂದೇ ಬೂದಿಬಣ್ಣಕ್ಕೆ ಇಳಿಯುತ್ತವೆ. ಬೆಳಗಿನ 7ರ ಓರೆಬಿಸಿಲು ಬಿದ್ದಾಗ ಅದೇ ಬಂಡೆಯ ಮೈಮೇಲಿನ ಬಿರುಕು, ಮಳೆನೀರು ಹರಿದು ಉಳಿದ ಕಪ್ಪು ಪಟ್ಟೆ, ಸಂದಿನಲ್ಲಿ ಬೇರು ಬಿಟ್ಟ ಹುಲ್ಲು ಒಂದೊಂದೂ ಎದ್ದು ಕಾಣುತ್ತವೆ. ಬೆಟ್ಟ ಎಲ್ಲರಿಗೂ ಕಾಣುವಂಥದ್ದು. ಆ ಹೊತ್ತನ್ನು ಹಿಡಿದದ್ದು ಛಾಯಾಗ್ರಾಹಕರ ಕೆಲಸ.

ನೆರಳಿನ ನಂತರ ಆಳ. ಇದನ್ನು ಅರಿಯಲು ಗುಬ್ಬಿಯ ರಂಗಭೂಮಿ ಒಳ್ಳೆಯ ಪಾಠಶಾಲೆ. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಹೆಸರಿನಿಂದಲೇ ನಾಡಿಗೆ ಪರಿಚಿತವಾದ ಗುಬ್ಬಿ ಕಂಪನಿಯಂಥ ವೃತ್ತಿನಾಟಕ ಮಂಡಳಿಗಳು ಕಾಡಿನ ಪರದೆ, ಬೀದಿಯ ಪರದೆ ಎಂದು ಬಟ್ಟೆಯ ಮೇಲೆಯೇ ದೂರವನ್ನು ಬರೆಸುತ್ತಿದ್ದವು. ಅಕ್ಕಪಕ್ಕದಲ್ಲಿ ಸೈಡ್‌ವಿಂಗ್, ನಡುವೆ ನಟರು, ಹಿಂದೆ ಪರದೆ. ಗುಬ್ಬಿ ಸೀಮೆಯ ತೆಂಗಿನ ತೋಟದ ಚಿತ್ರವನ್ನೂ ಹೀಗೇ ಬಿಡಿಸಿ ನೋಡಬಹುದು: ಹತ್ತಿರದಲ್ಲಿ ಕಪ್ಪಗೆ ನಿಂತ ಎರಡು ಮರ, ನಡುವೆ ಬಿಸಿಲು ಬಿದ್ದ ರಾಗಿ ಹೊಲ, ಕೊನೆಗೆ ಮಂಜಿನಲ್ಲಿ ನೀಲಿಯಾದ ಗುಡ್ಡದ ಸಾಲು. ದೂರ ಹೆಚ್ಚಿದಷ್ಟೂ ಗಾಳಿಯಲ್ಲಿನ ತೇವ, ಧೂಳು ಬಣ್ಣವನ್ನು ತೆಳುವಾಗಿಸುತ್ತವೆ. ಈ ಮೂರರಲ್ಲಿ ಒಂದು ಪದರ ಇಲ್ಲದಿದ್ದರೂ ಚಿತ್ರ ಸೋಲಬೇಕೆಂದೇನಿಲ್ಲ. ಆದರೆ ಅದನ್ನು ಬೇಕೆಂದೇ ಬಿಟ್ಟಿದ್ದಾರೆಯೇ, ಗಮನಿಸದೆ ಹೋಗಿದೆಯೇ ಎಂಬುದು ಸ್ವಲ್ಪ ಹೊತ್ತು ನೋಡಿದರೆ ತಿಳಿಯುತ್ತದೆ.

ಕುಣಿಗಲ್ ಕೆರೆಯ ಮೇಲೆ ಚಂದ್ರ ಹುಟ್ಟುವುದನ್ನು ಕನ್ನಡಿಗರು ಜನಪದ ಹಾಡಿನಲ್ಲಿ ಕೇಳಿಯೇ ಬಲ್ಲರು. ಅದನ್ನು ಕ್ಯಾಮೆರಾದಲ್ಲಿ ಹಿಡಿಯುವುದು ಬಲು ಕಷ್ಟ. ಹುಣ್ಣಿಮೆಯ ದಿನ ಚಂದ್ರ ಮೂಡುವ ಹೊತ್ತಿಗೆ ಸೂರ್ಯ ಮುಳುಗುತ್ತಿರುತ್ತಾನೆ. ಚಂದ್ರ ಏರುವಷ್ಟರಲ್ಲಿ ನೆಲ ಕಪ್ಪಾಗಿರುತ್ತದೆ. ಹಿಂದಿನ ದಿನ ಅವನು ಸುಮಾರು ಮುಕ್ಕಾಲು ಗಂಟೆ ಮೊದಲೇ ಬರುವುದರಿಂದ ಏರಿಯ ಮೇಲೆ ಇನ್ನೂ ಬಿಸಿಲಿರುತ್ತದೆ, ನೀರಿನಲ್ಲಿ ಬಣ್ಣವಿರುತ್ತದೆ. ಆ ಸಂಜೆ ಮೋಡ ಕವಿದರೆ ಮುಂದಿನ ಅವಕಾಶಕ್ಕೆ ಒಂದು ತಿಂಗಳು ಕಾಯಬೇಕು. ಅಷ್ಟರಲ್ಲಿ ಚಂದ್ರ ಮೂಡುವ ಜಾಗವೇ ಸರಿದಿರುತ್ತದೆ: ಬೇಸಿಗೆಯ ಹುಣ್ಣಿಮೆ ಆಗ್ನೇಯಕ್ಕೆ, ಚಳಿಗಾಲದ ಹುಣ್ಣಿಮೆ ಈಶಾನ್ಯಕ್ಕೆ. ಒಂದೇ ಮರದ ನೆತ್ತಿಯ ಮೇಲೆಯೇ ಅವನು ಬೇಕೆಂದರೆ ಕೆಲವೊಮ್ಮೆ ವರ್ಷವೇ ಕಳೆಯುತ್ತದೆ. ಈ ಕಲೆಯಲ್ಲಿ ಸೋಲು ಎಂಬುದು ಬಹುಮಟ್ಟಿಗೆ ಇಂಥ ಸಂಜೆಗಳೇ.

ಚಂದ್ರನ ಗಾತ್ರವೂ ಒಂದು ಸಾಕ್ಷಿ. 50 ಮಿ.ಮೀ. ಲೆನ್ಸ್‌ನಲ್ಲಿ ಅವನ ಬಿಂಬ ಫಿಲ್ಮಿನ ಮೇಲೆ ಅರ್ಧ ಮಿಲಿಮೀಟರೂ ಆಗುವುದಿಲ್ಲ. 500ರಲ್ಲಿ ಸುಮಾರು ನಾಲ್ಕೂವರೆ ಆಗುತ್ತದೆ. ಅಗಲವಾದ ಇಡೀ ಕೆರೆಯ ಮೇಲೆ ತಟ್ಟೆಯಷ್ಟು ಚಂದ್ರ ಕಂಡರೆ ಅದು ಎರಡು ಚಿತ್ರ ಸೇರಿಸಿದ್ದೆಂದು ಅನುಮಾನಿಸಬಹುದು.

ಅಮೆರಿಕದ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ತೆಗೆದ ಚಂದ್ರೋದಯ ಈ ಬಗೆಯ ಚಿತ್ರಗಳಲ್ಲಿ ಅತ್ಯಂತ ಪ್ರಸಿದ್ಧ. ಬೆಳಕು ಅಳೆಯುವ ಮೀಟರ್ ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಎಷ್ಟೆಂಬ ನೆನಪಿನ ಲೆಕ್ಕದಿಂದಲೇ ಅವರು ಕ್ಲಿಕ್ಕಿಸಿದರು. ಎರಡನೆಯದಕ್ಕೆ ಸಿದ್ಧವಾಗುವಷ್ಟರಲ್ಲಿ ಸ್ಮಶಾನದ ಶಿಲುಬೆಗಳ ಮೇಲಿನ ಬಿಸಿಲು ಆರಿಹೋಯಿತು. ತೆಗೆದ ದಿನವನ್ನು ಅವರು ಬರೆದಿಟ್ಟಿರಲಿಲ್ಲ. ಅವರ ಕಾಲಾನಂತರ ಚಂದ್ರನ ಸ್ಥಾನದಿಂದ ಲೆಕ್ಕ ಹಾಕಿದ ಖಗೋಳಾಸಕ್ತರು ಅದು 1941ರ ನವೆಂಬರ್ 1ರ ಸಂಜೆ 4.49 ಎಂದು ಕಂಡುಹಿಡಿದರು. ಅದಕ್ಕೆ ನಾಲ್ಕು ವರ್ಷ ಮೊದಲು, 1937ರಲ್ಲಿ, ಅವರ ಡಾರ್ಕ್‌ರೂಮಿಗೆ ಬೆಂಕಿ ಬಿದ್ದು ಸಾವಿರಾರು ನೆಗೆಟಿವ್‌ಗಳು ಸುಟ್ಟಿದ್ದವು. ಆ ಪೆಟ್ಟಿನ ನಂತರ ಬಂದ ಚಿತ್ರ ಇದು. ಒಂದೇ ನೆಗೆಟಿವ್‌ನಿಂದ ಮುಂದಿನ ದಶಕಗಳಲ್ಲಿ ಅವರು ನೂರಾರು ಪ್ರತಿ ತೆಗೆದರು, ಬರಬರುತ್ತ ಆಕಾಶವನ್ನು ಕಪ್ಪಾಗಿಸುತ್ತ ಹೋದರು. ಹಾಗಾಗಿ ಪ್ರಿಂಟ್ ಯಾವ ಕಾಲದ್ದೆಂದು ಕೇಳುವುದೂ ರಸಿಕನ ಅಭ್ಯಾಸವಾಗಬೇಕು.

ಗೋಡೆಯ ಮೇಲಿನ ಒಂಟಿ ಚಿತ್ರಕ್ಕಿಂತ ಛಾಯಾಗ್ರಾಹಕನ ಮನಸ್ಸು ಪುಸ್ತಕದಲ್ಲಿ ಚೆನ್ನಾಗಿ ತೆರೆದುಕೊಳ್ಳುತ್ತದೆ, ಅದರಲ್ಲೂ ಸ್ವಂತ ಪ್ರಕಾಶನದಲ್ಲಿ. ಕನ್ನಡಕ್ಕೆ ಈ ದಾರಿ ಹೊಸದಲ್ಲ. ಕುವೆಂಪು ಅವರ ಪುಸ್ತಕಗಳು ಮನೆಯ ಹೆಸರಿನ ಉದಯರವಿ ಪ್ರಕಾಶನದಿಂದ ಬಂದವು. ಮಗ ಪೂರ್ಣಚಂದ್ರ ತೇಜಸ್ವಿ ‘ಪುಸ್ತಕ ಪ್ರಕಾಶನ’ ಎಂಬ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ಮೂಡಿಗೆರೆಯ ತೋಟದ ಸುತ್ತ ಹಕ್ಕಿಗಳಿಗಾಗಿ ಕಾದು ಕುಳಿತ ತೇಜಸ್ವಿ ‘ಮಾಯೆಯ ಮುಖಗಳು’ ಎಂಬ ಚಿತ್ರಸಂಕಲನವನ್ನೂ ಕೊಟ್ಟರು. ಹಕ್ಕಿಯೇ ಅವರ ವಸ್ತುವಾದರೂ ಒಂದೇ ನೆಲದಲ್ಲಿ ವರ್ಷಗಟ್ಟಲೆ ನಿಲ್ಲುವ ಆ ತಾಳ್ಮೆ ಭೂದೃಶ್ಯದವರದ್ದೇ.

ಸ್ವಂತ ಪ್ರಕಾಶನದ ಕಷ್ಟ ಹಾಳೆಯಲ್ಲೇ ಕಾಣುತ್ತದೆ. ಆಫ್‌ಸೆಟ್ ಬಣ್ಣದ ಮುದ್ರಣಕ್ಕೆ ನಾಲ್ಕು ಬಣ್ಣಕ್ಕೆ ನಾಲ್ಕು ಪ್ಲೇಟ್ ಬೇಕು. 300 ಪ್ರತಿಗೂ 3000 ಪ್ರತಿಗೂ ಪ್ಲೇಟಿನ ಖರ್ಚು ಒಂದೇ. ಪುಟಗಳು ಸಾಮಾನ್ಯವಾಗಿ 16ರ ಫಾರಂಗಳಲ್ಲಿ ಹೋಗುವುದರಿಂದ ನಾಲ್ಕು ಚಿತ್ರ ಹೆಚ್ಚಿಗೆ ಸೇರಿಸುವ ಆಸೆ ಇಡೀ ಒಂದು ಫಾರಂ ಆಗಿ ಬೆಳೆಯುತ್ತದೆ. ಪ್ರಿಯವಾದ ಎಷ್ಟೋ ಚಿತ್ರಗಳನ್ನು ಕೈಬಿಟ್ಟ ಮೇಲೆಯೇ ಅಂಥ ಪುಸ್ತಕ ಹೊರಬರುವುದು. ಓದುಗ ಅದನ್ನು ಕೊಂಡು ನೋಡಬೇಕು. ಎರವಲಿನ ಮೆಚ್ಚುಗೆಯಿಂದ ಎರಡನೆಯ ಮುದ್ರಣ ಆಗುವುದಿಲ್ಲ.

ಪುಸ್ತಕವನ್ನು ಹಗಲ ಬೆಳಕಿನಲ್ಲಿ, ಕಿಟಕಿಗೆ ಬೆನ್ನು ಕೊಡದೆ ಪಕ್ಕಕ್ಕೆ ತಿರುಗಿ ಕುಳಿತು ನೋಡುವುದು ಒಳ್ಳೆಯದು. ನುಣುಪು ಆರ್ಟ್ ಪೇಪರ್‌ನಲ್ಲಿ ಕಪ್ಪು ಆಳವಾಗಿ ಕಂಡರೂ ಹೊಳಪು ಕಣ್ಣಿಗೆ ಹೊಡೆಯುತ್ತದೆ. ಮ್ಯಾಟ್ ಹಾಳೆಯಲ್ಲಿ ಮಂಜು, ನೀರು ಹೆಚ್ಚು ಹಿತವಾಗಿ ಬರುತ್ತವೆ. ಎದುರುಬದುರು ಪುಟಗಳು ಒಂದಕ್ಕೊಂದು ಏನು ಹೇಳುತ್ತವೆ ಎಂಬುದನ್ನೂ ಗಮನಿಸಬೇಕು. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ಕಣ್ಣು ನಡುವಿನ ಹೊಲಿಗೆಗೆ ಹೋಗಲಿ. ಆಡಮ್ಸ್ ಅವರ 24 ಚಿತ್ರಗಳ ಯೊಸೆಮಿಟಿ ಪುಸ್ತಕ 1949ರಲ್ಲಿ ಪತ್ನಿ ವರ್ಜೀನಿಯಾ ಅವರ ಹೆಸರಿನಲ್ಲಿ ಪ್ರಕಟವಾದಾಗ ಅದಕ್ಕೆ ಸ್ಪೈರಲ್ ಹಾಕಿಸಲಾಗಿತ್ತು. ಅಂಥ ಪುಸ್ತಕದ ಹಾಳೆ ಮೇಜಿನ ಮೇಲೆ ಪೂರ್ತಿ ಮಲಗುತ್ತದೆ. ಹೊಲಿದ ಪುಸ್ತಕದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಏರಿಯ ಗೆರೆ ಒಂದು ಪುಟದಿಂದ ಇನ್ನೊಂದಕ್ಕೆ ಮುರಿಯದೆ ದಾಟಿದ್ದರೆ, ಚಂದ್ರ ಮಡಿಕೆಗೆ ಸಿಕ್ಕದೆ ಬಲಪುಟದ ನೀರಿನ ಮೇಲೆ ನಿಂತಿದ್ದರೆ, ಆ ಪುಟವನ್ನು ಕಟ್ಟಿದ ಕೈಯನ್ನೂ ಅಲ್ಲಿ ಕಾಣಬಹುದು.