ಡ್ರಾಕುಲಾ ಬರೆಸಿದ ಮೂರು ಪತ್ರಗಳು

ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಸಿಕ್ಕಿಬಿದ್ದ ಇಂಗ್ಲಿಷ್ ವಕೀಲ ಜೊನಾಥನ್ ಹಾರ್ಕರ್‌ನಿಂದ ಕೌಂಟ್ ಡ್ರಾಕುಲಾ ಒಂದೇ ದಿನ ಮೂರು ಪತ್ರ ಬರೆಸುತ್ತಾನೆ. ಕೆಲಸ ಮುಗಿಯುತ್ತ ಬಂತು ಎಂದು ಒಂದು, ನಾಳೆ ಹೊರಡುತ್ತೇನೆ ಎಂದು ಇನ್ನೊಂದು, ಕೋಟೆ ಬಿಟ್ಟು ಬಿಸ್ತ್ರಿತ್ಸ್ ಊರು ತಲುಪಿದೆ ಎಂದು ಮತ್ತೊಂದು. ತಾರೀಖು ಏನು ಹಾಕಲಿ ಎಂದು ಕೇಳಿದರೆ ಕೌಂಟ್ ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳುತ್ತಾನೆ: ಜೂನ್ 12, 19, 29. ಆಗಿನ್ನೂ ಮೇ ತಿಂಗಳು. ತನ್ನ ಆಯಸ್ಸು ಎಲ್ಲಿಯವರೆಗೆ ಎಂಬುದು ಹಾರ್ಕರ್‌ಗೆ ಅಲ್ಲೇ ತಿಳಿದುಹೋಗುತ್ತದೆ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಕಾದಂಬರಿಯಲ್ಲಿ ನನ್ನನ್ನು ಅತಿ ಹೆಚ್ಚು ನಡುಗಿಸುವ ಪುಟ ಇದು. ಒಂದು ಹನಿ ರಕ್ತವೂ ಇಲ್ಲಿಲ್ಲ.

ಯಾರಿಗೆ ಏನು ಗೊತ್ತಿರಬೇಕು ಎಂದು ತೀರ್ಮಾನಿಸುವುದರಲ್ಲೇ ಡ್ರಾಕುಲಾನ ಅಧಿಕಾರವಿದೆ. ಹಾರ್ಕರ್ ತಾನು ಮದುವೆಯಾಗಲಿರುವ ಮೀನಾಗೆ ಗುಟ್ಟಾಗಿ ಶಾರ್ಟ್‌ಹ್ಯಾಂಡಿನಲ್ಲಿ ಬರೆದ ಪತ್ರ ಕೌಂಟ್‌ನ ಕೈಸೇರುತ್ತದೆ. ಓದಲು ಬಾರದ ಆ ಬರಹ ಕಂಡು ಕೆರಳಿ, ದೀಪಕ್ಕೆ ಹಿಡಿದು ಸುಟ್ಟುಬಿಡುತ್ತಾನೆ. ರೈಲಿನ ವಿವರ ಬರೆದಿಟ್ಟ ಹಾಳೆಗಳೂ ಪ್ರಯಾಣದ ಉಡುಪೂ ಕಾಣೆಯಾಗುತ್ತವೆ. ಮುಂದೆ ಅದೇ ಉಡುಪು ತೊಟ್ಟು ಕೌಂಟ್ ಹೊರಬೀಳುತ್ತಾನೆ. ಹಾರ್ಕರನೇ ಓಡಾಡುತ್ತಿದ್ದಾನೆಂದು ಸುತ್ತಲಿನವರು ನಂಬಬೇಕಲ್ಲ!

ಸ್ಟೋಕರ್ ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಬರೀ ಭಯದ ಕಥೆಯಾಗುತ್ತಿತ್ತು. ಡ್ರಾಕುಲಾ ಇಂಗ್ಲೆಂಡಿಗೆ ಬಂದ ಮೇಲೆ, ಒಳ್ಳೆಯವರ ಕೈಯಲ್ಲೂ ಸ್ಟೋಕರ್ ಸತ್ಯ ಮುಚ್ಚಿಡುವ ಇದೇ ತಪ್ಪು ಮಾಡಿಸುತ್ತಾನೆ. ಮೀನಾಳ ಗೆಳತಿ ಲೂಸಿಯ ಕೋಣೆಯಲ್ಲಿ ಡ್ರಾಕುಲಾನನ್ನು ತಡೆಯಲು ಇಟ್ಟ ಬೆಳ್ಳುಳ್ಳಿ ಹೂ ಏಕಿದೆ ಎಂದು ಅವಳ ತಾಯಿಗೆ ಯಾರೂ ಹೇಳುವುದಿಲ್ಲ. ವಾಸನೆ ತಾಳದೆ ಆಕೆ ಹೂ ತೆಗೆದು ಕಿಟಕಿ ತೆರೆಯುತ್ತಾಳೆ, ಅವನಿಗೆ ದಾರಿಯಾಗುತ್ತದೆ. ಮೀನಾಳ ಪಾಡು ಇನ್ನೂ ಘೋರ. ಕೋಟೆಯಿಂದ ತಪ್ಪಿಸಿಕೊಂಡು ಬಂದು ಈಗ ಅವಳ ಗಂಡನಾಗಿರುವ ಹಾರ್ಕರ್‌ನ ದಿನಚರಿ, ಲೂಸಿಗೆ ಚಿಕಿತ್ಸೆ ನೀಡಿದ ಡಾಕ್ಟರ್ ಸೀವರ್ಡ್ ಫೋನೋಗ್ರಾಫಿನಲ್ಲಿ ಹೇಳಿಟ್ಟ ಮಾತು, ಎಲ್ಲವನ್ನೂ ಟೈಪ್ ಮಾಡಿ ತಾರೀಖಿನ ಪ್ರಕಾರ ಜೋಡಿಸಿದವಳು ಅವಳು. ಅಂಥವಳನ್ನೇ, ಹೆಂಗಸು ಇದನ್ನೆಲ್ಲ ತಾಳಲಾರಳು ಎಂದು, ಡ್ರಾಕುಲಾನ ಬೆನ್ನಟ್ಟಿರುವ ಗಂಡಸರು ಹೊರಗಿಡುತ್ತಾರೆ. ಅವರು ಡ್ರಾಕುಲಾ ಕೊಂಡಿದ್ದ ಪಕ್ಕದ ಪಾಳುಮನೆ ಜಾಲಾಡಲು ಹೋದ ರಾತ್ರಿಯೇ ಡ್ರಾಕುಲಾ ಮಂಜಾಗಿ ಅವಳ ಕೋಣೆಗೆ ನುಗ್ಗುತ್ತಾನೆ. ಅವಳಿಗದು ಕೆಟ್ಟ ಕನಸು. ಅವರು ಏನೂ ಹೇಳುವುದಿಲ್ಲ, ಅವಳೂ ಹೇಳುವುದಿಲ್ಲ. ಈ ಮೌನದಲ್ಲೇ ಅವನಿಗೆ ದಾರಿ ಸಿಗುತ್ತದೆ. ಮುಂದೆ ಮೀನಾ ಜೋಡಿಸಿದ ದಾಖಲೆಗಳಿಗೂ ಬೆಂಕಿ ಇಡುತ್ತಾನೆ. ತಿಜೋರಿಯಲ್ಲಿ ಇನ್ನೊಂದು ಪ್ರತಿ ಇದ್ದದ್ದರಿಂದ ಎಲ್ಲರೂ ಬಚಾವು.

ಕಡೆಗೆ ಮೀನಾ ತಾನಾಗಿಯೇ ಕೇಳಿಕೊಳ್ಳುತ್ತಾಳೆ: ನಿಮ್ಮ ಯೋಜನೆ ನನಗೆ ಹೇಳಬೇಡಿ, ಅವನು ನನ್ನ ಮನಸ್ಸಿನೊಳಗೆ ಇಣುಕಬಲ್ಲ. ಹೊರಗಿನಿಂದ ನೋಡಿದರೆ ಇದೂ ಅದೇ ಮೌನ. ಆದರೆ ಮೊದಲಿನದು ಅವಳ ಮೇಲೆ ಹೇರಿದ್ದು, ಇದು ಎಲ್ಲವನ್ನೂ ಬಲ್ಲವಳು ತಾನೇ ಆರಿಸಿಕೊಂಡದ್ದು. ಡ್ರಾಕುಲಾ ಇಂಗ್ಲೆಂಡಿನಿಂದ ಓಡಿಹೋದ ಮೇಲೆ ಗಂಡಸರು ದಿಕ್ಕುಗೆಟ್ಟು ಕೂತಾಗ ನಕ್ಷೆ, ಕಾಗದಪತ್ರ ಹರಡಿಕೊಂಡು, ಕೌಂಟ್ ನದಿಯ ದಾರಿಯಲ್ಲಿ ಕೋಟೆಗೆ ಮರಳುತ್ತಿದ್ದಾನೆಂದು ತರ್ಕದಿಂದಲೇ ಕಂಡುಹಿಡಿಯುವವಳೂ ಅವಳೇ. ರಕ್ಷಣೆಯ ಹೆಸರಿನಲ್ಲಿ ಒಬ್ಬರಿಂದ ಸತ್ಯ ಮುಚ್ಚಿಡುವುದೂ ಅವರ ಮೇಲಿನ ಹಿಡಿತವೇ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಭಯದ ಕಾದಂಬರಿಯನ್ನು ನಾನು ಬೇರೆ ಓದಿಲ್ಲ.