ಗೊಂಬೆಗಿಂತ ಮೊದಲು ಬಂದ ರಂಗ

ನನ್ನ ಕಪಾಟಿನ ಎರಡನೇ ಹಲಗೆಯ ಮೇಲೆ ಒಬ್ಬ ಸ್ಟಾರ್ಮ್‌ಟ್ರೂಪರ್ ನಿಂತಿದ್ದಾನೆ. ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕ, ಎತ್ತರ ಮೂರೂಮುಕ್ಕಾಲು ಇಂಚು. ಕೈಕಾಲುಗಳು ಇನ್ನೂ ಬೆಳ್ಳಗಿವೆ, ಎದೆ ಮಾತ್ರ ಹಳೆಯ ಬೆಣ್ಣೆಯ ಬಣ್ಣಕ್ಕೆ ತಿರುಗಿದೆ. ಮನೆಗೆ ತಂದಾಗ ಅವನು ಹೀಗಿರಲಿಲ್ಲ. ಪಡುವಣ ಕಿಟಕಿಯ ಎದುರು ನಾಲ್ಕು ಬೇಸಿಗೆ ನಿಲ್ಲಿಸಿದೆ, ಅಷ್ಟೇ. ಇಳಿಬಿಸಿಲು ದಿನಕ್ಕೆ ಒಂದು ಗಂಟೆ ಅವನ ಮೇಲೆ ಬೀಳುತ್ತಿತ್ತು. ಆ ಹೊತ್ತಿನಲ್ಲಿ ಅವನು ಎಷ್ಟು ಚೆಂದ ಕಾಣುತ್ತಿದ್ದ ಎಂದು ಕಾಫಿ ಲೋಟ ಹಿಡಿದು ನೋಡುತ್ತಿದ್ದೆ. ಹಾಗೆ ನೋಡುತ್ತಿರುವಾಗಲೇ ಅವನು ಕೆಡುತ್ತಿದ್ದ.

ವೈಜ್ಞಾನಿಕ ಕಥಾಚಿತ್ರಗಳ ಆ್ಯಕ್ಷನ್ ಫಿಗರ್‌ಗಳನ್ನು ಸಂಗ್ರಹಿಸುವವರು ಒಟ್ಟು ಸೇರಿದರೆ ಮಾತು ಹೆಚ್ಚಾಗಿ ಕೊಳ್ಳುವುದರ ಸುತ್ತಲೇ ಸುತ್ತುತ್ತದೆ. ಯಾವುದು ಸಿಕ್ಕಿತು, ಎಷ್ಟಕ್ಕೆ ಸಿಕ್ಕಿತು, ಯಾವುದು ಕೈತಪ್ಪಿತು. ತಂದದ್ದನ್ನು ಎಲ್ಲಿ, ಹೇಗೆ ನಿಲ್ಲಿಸುವುದು ಎಂಬ ಮಾತು ಬರುವುದೇ ಅಪರೂಪ. ನನ್ನ ಲೆಕ್ಕದಲ್ಲಿ ಈ ಹವ್ಯಾಸದ ಅರ್ಧಕ್ಕಿಂತ ಹೆಚ್ಚು ಭಾಗ ನಿಲ್ಲಿಸುವುದರಲ್ಲೇ ಇದೆ. ಇದಕ್ಕೆ ಸಾಕ್ಷಿ ಬೇಕಿದ್ದರೆ ಈ ಗೊಂಬೆಗಳು ಹುಟ್ಟಿದ ಕತೆಯನ್ನೇ ನೋಡಬಹುದು.

‘ಸ್ಟಾರ್ ವಾರ್ಸ್’ ಅಮೆರಿಕದಲ್ಲಿ ತೆರೆಕಂಡದ್ದು 1977ರ ಮೇ 25ರಂದು. ಆಟಿಕೆ ಮಾಡುವ ಅವಕಾಶವನ್ನು ಆಗಿನ ದೊಡ್ಡ ಕಂಪನಿ ಮೀಗೊ ಬೇಡವೆಂದಿತ್ತು. ಸಿನ್ಸಿನಾಟಿಯ ಕೆನ್ನರ್ ಒಪ್ಪಿಕೊಂಡಿತು. ಚಿತ್ರ ಅಷ್ಟು ದೊಡ್ಡದಾಗಿ ಗೆಲ್ಲುತ್ತದೆಂದು ಯಾರೂ ಎಣಿಸಿರಲಿಲ್ಲ. ಮಾದರಿ ಕೆತ್ತಬೇಕು, ಅಚ್ಚು ಮಾಡಿಸಬೇಕು, ಹಾಂಗ್‌ಕಾಂಗ್‌ನಲ್ಲಿ ಎರಕ ಹೊಯ್ಯಿಸಬೇಕು, ಹಡಗಿನಲ್ಲಿ ತರಿಸಬೇಕು. ಕ್ರಿಸ್‌ಮಸ್ ಹೊತ್ತಿಗೆ ಒಂದೇ ಒಂದು ಗೊಂಬೆಯೂ ಅಂಗಡಿಗೆ ಬರುವಂತಿರಲಿಲ್ಲ. ಆಗ ಕೆನ್ನರ್‌ನ ಮುಖ್ಯಸ್ಥ ಬರ್ನಾರ್ಡ್ ಲೂಮಿಸ್ ಒಂದು ರಟ್ಟಿನ ಲಕೋಟೆಯನ್ನು ಮಾರಾಟಕ್ಕಿಟ್ಟರು. ‘ಅರ್ಲಿ ಬರ್ಡ್’ ಎಂದು ಅದರ ಹೆಸರು. ಒಳಗೆ ಗೊಂಬೆಗಳಿರಲಿಲ್ಲ. ಒಂದು ಪ್ರಮಾಣಪತ್ರ, ಕೆಲವು ಸ್ಟಿಕ್ಕರ್, ಅಭಿಮಾನಿ ಸಂಘದ ಒಂದು ಕಾರ್ಡು, ಜೊತೆಗೆ ಮಡಚಿ ನಿಲ್ಲಿಸಬಹುದಾದ ಒಂದು ಚಿತ್ರಿತ ರಟ್ಟು. ಪ್ರಮಾಣಪತ್ರವನ್ನು ಅಂಚೆಯಲ್ಲಿ ಕಳಿಸಿದವರಿಗೆ 1978ರಲ್ಲಿ ನಾಲ್ಕು ಗೊಂಬೆಗಳು ಬಂದವು: ಲ್ಯೂಕ್, ಲೇಯಾ, ಚ್ಯೂಬಾಕಾ, ಆರ್2-ಡಿ2.

ಈ ಕತೆಯನ್ನು ವ್ಯಾಪಾರಿಯ ಚಾಣಾಕ್ಷತನಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ನನ್ನ ಕಣ್ಣು ನಿಲ್ಲುವುದು ಆ ರಟ್ಟಿನ ಮೇಲೆ. ಅದು ಹನ್ನೆರಡು ಪಾತ್ರಗಳನ್ನು ನಿಲ್ಲಿಸಲು ಮಾಡಿದ ರಂಗಸ್ಥಳ. ಮಕ್ಕಳು ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಖಾಲಿ ಜಾಗಗಳನ್ನು ನೋಡುತ್ತ ತಿಂಗಳುಗಟ್ಟಲೆ ಅಂಚೆಯವನಿಗಾಗಿ ಕಾದರು. ಪಾತ್ರಗಳು ಬರುವ ಮುನ್ನ ರಂಗ ಸಿದ್ಧವಾಗಿತ್ತು. ಗೊಂಬೆಗಳು ಬಂದಾಗ ಜೊತೆಗೆ ಪುಟ್ಟ ಪ್ಲಾಸ್ಟಿಕ್ ಗೂಟಗಳೂ ಬಂದವು, ಪಾದದ ಅಡಿಯ ತೂತಿಗೆ ಸಿಕ್ಕಿಸಿ ರಟ್ಟಿನ ಮೇಲೆ ನಿಲ್ಲಿಸಲು. ನಿಮ್ಮ ಬಳಿ ಹಳೆಯ ಕೆನ್ನರ್ ಗೊಂಬೆಯಿದ್ದರೆ ಅಂಗಾಲು ತಿರುಗಿಸಿ ನೋಡಿ. ಎಲ್ಲೋ ಒಂದು ಕಡೆ ನೆಲೆಯಾಗಿ ನಿಲ್ಲಲೆಂದೇ ಅದನ್ನು ಮಾಡಿದ್ದಾರೆ.

ಅಳತೆಯ ಮಾತನ್ನೂ ಇಲ್ಲೇ ಹೇಳಬೇಕು. 1964ರಲ್ಲಿ ಹ್ಯಾಸ್‌ಬ್ರೊ ಕಂಪನಿ ‘ಜಿ.ಐ. ಜೋ’ ತಂದಾಗ ಅದು ಸುಮಾರು ಹನ್ನೆರಡು ಇಂಚು ಎತ್ತರವಿತ್ತು. ಗೊಂಬೆ ಎಂದರೆ ಗಂಡುಹುಡುಗರು ಮುಟ್ಟುವುದಿಲ್ಲ ಎಂದು ‘ಆ್ಯಕ್ಷನ್ ಫಿಗರ್’ ಎಂಬ ಹೆಸರು ಕಟ್ಟಿದ್ದೂ ಆಗಲೇ. ಮೀಗೊದ ಗೊಂಬೆಗಳು ಎಂಟು ಇಂಚಿನವು. ಆದರೆ ‘ಸ್ಟಾರ್ ವಾರ್ಸ್’ನಲ್ಲಿ ಪಾತ್ರಗಳಷ್ಟೇ ಮುಖ್ಯ ಅದರ ನೌಕೆಗಳು. ಹನ್ನೆರಡು ಇಂಚಿನ ಹ್ಯಾನ್ ಸೋಲೊಗೆ ತಕ್ಕ ಮಿಲೇನಿಯಂ ಫಾಲ್ಕನ್ ನೌಕೆ ಮಾಡಿದರೆ ಅದಕ್ಕೇ ಒಂದು ಕೋಣೆ ಬೇಕು. ಆಳನ್ನು ಮೂರೂಮುಕ್ಕಾಲು ಇಂಚಿಗೆ ಇಳಿಸಿ, ನೌಕೆಯನ್ನೂ ಒಂದಿಷ್ಟು ಕುಗ್ಗಿಸಿದರೆ ಇಡೀ ಲೋಕವೇ ಒಂದು ಮೇಜಿನ ಮೇಲೆ ಕೂರುತ್ತದೆ. ಕೆನ್ನರ್ ಹಾಗೇ ಮಾಡಿತು. 1978ರ ಒಂದೇ ವರ್ಷದಲ್ಲಿ 4 ಕೋಟಿಗೂ ಹೆಚ್ಚು ಆಟಿಕೆಗಳು ಮಾರಾಟವಾದವು. 1982ರಲ್ಲಿ ಜಿ.ಐ. ಜೋ ಮರಳಿ ಬಂದಾಗ ಅವನೂ ಇದೇ ಅಳತೆಗೆ ಇಳಿದಿದ್ದ. ನಮ್ಮ ಬೆಂಗಳೂರು, ಮೈಸೂರಿನ ಮನೆಗಳಿಗೆ ಈ ಅಳತೆ ತಲುಪಿದ್ದು ಬಹುಮಟ್ಟಿಗೆ ಅವನಿಂದಲೇ. ಫನ್‌ಸ್ಕೂಲ್ ಅವನನ್ನು ಭಾರತದಲ್ಲೇ ತಯಾರಿಸುತ್ತಿತ್ತು. ಆ ದೇಸಿ ಗೊಂಬೆಗಳನ್ನು ಇವತ್ತು ಅಮೆರಿಕದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ನಿಮ್ಮದೂ ಒಂದೆರಡು ಉಳಿದಿದ್ದರೆ ಗುಜರಿಗೆ ಹಾಕಬೇಡಿ.

ಹಳೆಯ ಕೆನ್ನರ್ ಗೊಂಬೆ ಐದೇ ಕಡೆ ಅಲುಗುತ್ತದೆ: ಕತ್ತು, ಎರಡು ಭುಜ, ಎರಡು ಸೊಂಟದ ಕೀಲು. ಮೊಣಕೈ, ಮೊಣಕಾಲು ಮಡಚುವುದಿಲ್ಲ. 2013ರಲ್ಲಿ ಶುರುವಾದ ಹ್ಯಾಸ್‌ಬ್ರೊದ ಆರಿಂಚಿನ ‘ಬ್ಲ್ಯಾಕ್ ಸೀರೀಸ್’ ಗೊಂಬೆಗೆ ಅಡಿಯಿಂದ ಮುಡಿಯವರೆಗೆ ಕೀಲುಗಳು. ಕೆತ್ತನೆ ಸೊಗಸು, ಮುಖ ನಟನ ಮುಖವೇ. ಆದರೂ ಹಲಗೆಯ ಮೇಲೆ ಹತ್ತು ಹೊಸ ಗೊಂಬೆಗಳನ್ನು ಹತ್ತು ಭಂಗಿಯಲ್ಲಿ ನಿಲ್ಲಿಸಿದರೆ ಸಂತೆಯಾಗುತ್ತದೆ. ಹತ್ತು ಹಳೆಯವನ್ನು ನಿಲ್ಲಿಸಿದರೆ ಒಂದು ಸಭೆ. ಮೆದು ಪ್ಲಾಸ್ಟಿಕ್ಕಿನ ಪಾದದ ಕೀಲು ನಮ್ಮ ಏಪ್ರಿಲ್ ಸೆಕೆಗೆ ಸಡಿಲಗೊಂಡು, ನಡುರಾತ್ರಿ ಒಂದು ಬಿದ್ದು ಸಾಲನ್ನೇ ಉರುಳಿಸುವುದು ಹೊಸ ಗೊಂಬೆಗಳ ಪಾಡು. ಸೊಂಟದಿಂದ ಕೆಳಗೆ ಕೀಲೇ ಇಲ್ಲದ ಕಾಲು ಎಷ್ಟೋ ಮೇಲು.

ಹಳೆಯವುಗಳ ತಪ್ಪುಗಳೂ ನನಗೆ ಪ್ರಿಯ. ನೀಲಿ ಸ್ನ್ಯಾಗಲ್‌ಟೂತ್ ಕತೆ ಕೇಳಿ. ಚಿತ್ರದ ಮದ್ಯದಂಗಡಿಯ ದೃಶ್ಯದಲ್ಲಿ ಒಂದು ಕ್ಷಣ ಕಾಣಿಸುವ ಪಾತ್ರ ಅದು. ಕೆನ್ನರ್‌ನವರ ಕೈಗೆ ಸಿಕ್ಕಿದ್ದು ಅದರ ಮೇಲರ್ಧದ ಚಿತ್ರ ಮಾತ್ರ. ಅದು ಕುಳ್ಳ ಎಂದು ಅವರಿಗೆ ತಿಳಿಯಲಿಲ್ಲ. ಉಳಿದವರಷ್ಟೇ ಎತ್ತರ ಕೊಟ್ಟು, ನೀಲಿ ಉಡುಪು ತೊಡಿಸಿ, ಕಾಲಿಗೆ ಬೆಳ್ಳಿಬಣ್ಣದ ಬೂಟು ಹಾಕಿದರು. 1978ರಲ್ಲಿ ಸಿಯರ್ಸ್ ಮಳಿಗೆಗಳ ಕ್ಯಾಂಟೀನಾ (ಮದ್ಯದಂಗಡಿ) ಸೆಟ್ಟಿನಲ್ಲಿ ಅದು ಬಂತು. ತಪ್ಪು ಗೊತ್ತಾದ ಮೇಲೆ ಕೆಂಪು ಉಡುಪಿನ ಗಿಡ್ಡ ಗೊಂಬೆ ಬಂತು, ನೀಲಿಯದು ನಿಂತುಹೋಯಿತು. ಚಿತ್ರಕ್ಕೆ ನಿಷ್ಠವಾದದ್ದು ಕೆಂಪು. ನನ್ನ ಹಲಗೆಯ ನಡುವೆ ನಿಂತಿರುವುದು ನೀಲಿ. ಅರ್ಧ ಚಿತ್ರ ನೋಡಿ ಉಳಿದರ್ಧವನ್ನು ಊಹಿಸಿಕೊಂಡ ಶಿಲ್ಪಿಯ ಕೈ ಅದರಲ್ಲಿ ಕಾಣುತ್ತದೆ. ಯಂತ್ರದಿಂದ ಮುಖ ಸ್ಕ್ಯಾನ್ ಮಾಡುವ ಈ ಕಾಲದಲ್ಲಿ ಅಂಥ ತಪ್ಪು ಇನ್ನು ಹುಟ್ಟುವುದಿಲ್ಲ.

‘ಸ್ಟಾರ್ ವಾರ್ಸ್’ನ ಇನ್ನೊಂದು ಪಾತ್ರ ಬೋಬಾ ಫೆಟ್ ಬಗ್ಗೆ ಹೇಳದಿದ್ದರೆ ಓದುಗರು ಸಿಟ್ಟಾಗುತ್ತಾರೆ. ಬೆನ್ನಿನಿಂದ ರಾಕೆಟ್ ಹಾರಿಸುವ ಗೊಂಬೆಯೆಂದು 1979ರಲ್ಲಿ ಅವನ ಪ್ರಚಾರ ನಡೆದಿತ್ತು. ಅಷ್ಟರಲ್ಲಿ ಬೇರೊಂದು ಕಂಪನಿಯ ಆಟಿಕೆಯ ಕ್ಷಿಪಣಿ ಗಂಟಲಲ್ಲಿ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. ಕೆನ್ನರ್ ರಾಕೆಟ್ಟನ್ನು ಬೆನ್ನಿಗೇ ಅಂಟಿಸಿ ಗೊಂಬೆ ಕಳಿಸಿತು. ಹಾರುವ ರಾಕೆಟ್ಟಿನ ಕೆಲವು ಮಾದರಿಗಳಷ್ಟೇ ಉಳಿದವು. 2024ರಲ್ಲಿ ಅವುಗಳಲ್ಲಿ ಒಂದು ಅಮೆರಿಕದ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ಆ ಮೊತ್ತಕ್ಕೆ ನಾನು ಬೆರಗಾಗುವುದಿಲ್ಲ. ಮಗುವಿನ ಕೈಗೆ ಅದು ಸೇರದಂತೆ ತಡೆದ ನಿರ್ಧಾರವೇ ಈ ಕತೆಯಲ್ಲಿ ನನಗೆ ದೊಡ್ಡದು.

ಮಾರಾಟಕ್ಕೆ ಬಂದ ಕಾರ್ಡಿನ ಮೇಲೇ, ಪಾರದರ್ಶಕ ಗುಳ್ಳೆಯೊಳಗೇ ಉಳಿದ ಗೊಂಬೆಗೆ ಬೆಲೆ ಹಲವು ಪಟ್ಟು. ಅದನ್ನು ಪರೀಕ್ಷೆಗೆ ಕಳಿಸಿ, ಅಂಕ ಹಾಕಿಸಿ, ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುದ್ರೆಯೊತ್ತಿಸಿ ತರುವ ಪದ್ಧತಿಯಿದೆ. ಹಾಗೆ ಉಳಿದು ಬಂದ ಹಳೆಯ ಕೆಲವನ್ನು ಹಾಗೇ ಕಾಪಾಡಬೇಕು ಎನ್ನುವುದನ್ನು ಒಪ್ಪುತ್ತೇನೆ. ಕಾರ್ಡಿನ ಮೇಲಿನ ಚಿತ್ರ, ಬೆಲೆಚೀಟಿ, ಎಲ್ಲವೂ ಆ ಕಾಲದ ದಾಖಲೆ. ಆದರೆ ಇವತ್ತು ಅಂಗಡಿಯಿಂದ ತಂದ ಹೊಸ ಗೊಂಬೆಯನ್ನು ಮುಂದೆ ಬೆಲೆ ಬರುತ್ತದೆಂದು ಬಿಚ್ಚದೆ ಜೋಡಿಸಿಡುವುದು ನನಗೆ ಸರಿಬರದು. ಬಿಡಿ ಗೊಂಬೆಯ, ಸಂಗ್ರಾಹಕರ ಮಾತಿನಲ್ಲಿ ‘ಲೂಸ್’ ಗೊಂಬೆಯ ಪಕ್ಷ ನನ್ನದು. ಬಣ್ಣ ಸವೆದ ಮೂಗು, ಸಡಿಲವಾದ ತೋಳು, ಯಾರೋ ಮಗು ಕಚ್ಚಿದ ಗುರುತು, ಇವನ್ನೆಲ್ಲ ನಾನು ಕುಂದೆಂದು ಎಣಿಸುವುದಿಲ್ಲ.

ಲೂಸ್ ಕೊಳ್ಳುವವರಿಗೆ ಕಣ್ಣು ಚುರುಕಾಗಿರಬೇಕು. ಮೊದಲ ಗೊಂಬೆಗಳ ಕಾಲಿನ ಹಿಂಬದಿಯಲ್ಲಿ ‘ಜಿ.ಎಂ.ಎಫ್.ಜಿ.ಐ. 1977’ ಎಂಬ ಅಚ್ಚು, ಹೆಚ್ಚಾಗಿ ಜೊತೆಗೆ ತಯಾರಾದ ಸ್ಥಳದ ಹೆಸರೂ ಇರುತ್ತದೆ. ಆ ಅಕ್ಷರಗಳು ಕೆನ್ನರ್‌ನ ಒಡೆತನ ಹೊಂದಿದ್ದ ಜನರಲ್ ಮಿಲ್ಸ್ ಸಂಸ್ಥೆಯ ಗುರುತು. ಬೆಳಗಿನ ಉಪಾಹಾರದ ಧಾನ್ಯ ಮಾರುವ ಕಂಪನಿ ಅದು. ಇಸವಿ ಹಕ್ಕುಸ್ವಾಮ್ಯದ್ದು, ತಯಾರಿಕೆಯದ್ದಲ್ಲ. ಮೋಸ ಹೆಚ್ಚು ನಡೆಯುವುದು ಆಯುಧ ಮತ್ತು ಮೇಲಂಗಿಗಳಲ್ಲಿ. ಜಾವಾ ಎಂಬ ಪಾತ್ರದ ಮೊದಮೊದಲ ಗೊಂಬೆಗೆ ವಿನೈಲ್ ಮೇಲಂಗಿಯಿತ್ತು, ಬಲುಬೇಗ ಅದನ್ನು ಬಟ್ಟೆಯದಾಗಿ ಬದಲಿಸಿದರು. ಹಾಗಾಗಿ ವಿನೈಲಿನದು ದುಬಾರಿ, ಬೇರೆ ಗೊಂಬೆಯ ಮೇಲಂಗಿ ಕತ್ತರಿಸಿ ತೊಡಿಸುವವರೂ ಇದ್ದಾರೆ. ನನ್ನ ಸ್ಟಾರ್ಮ್‌ಟ್ರೂಪರ್ ಕೈಯ ಕರಿ ಬಂದೂಕು ಅಸಲಿಯೆಂದೇ ಮಾರಿದವರು ಹೇಳಿದ್ದರು. ಮನೆಗೆ ತಂದು ನೀರಿನ ಬಟ್ಟಲಿಗೆ ಹಾಕಿದೆ. ಅಸಲಿ ಆಯುಧಗಳಲ್ಲಿ ಹೆಚ್ಚಿನವು ತೇಲುತ್ತವೆ. ಇದು ನೇರ ತಳಕ್ಕೆ ಹೋಯಿತು. ತೇಲದ ಅಸಲಿಗಳೂ ಇರುವುದರಿಂದ ಇದೊಂದೇ ಪರೀಕ್ಷೆ ನಂಬಬಾರದು. ಅಚ್ಚಿನ ಗೆರೆ, ಹೊಳಪು, ಅಂಚಿನ ಸ್ಪಷ್ಟತೆಯನ್ನು ಖಚಿತ ಅಸಲಿಯ ಪಕ್ಕದಲ್ಲಿಟ್ಟು ನೋಡಿದೆ. ನಕಲೇ.

ಇನ್ನು ನಿಲ್ಲಿಸುವ ವಿಚಾರ. ಒಂದು ಹಲಗೆಗೆ ಒಂದೇ ಅಳತೆ. ಮೂರೂಮುಕ್ಕಾಲು ಇಂಚಿನವರ ನಡುವೆ ಆರಿಂಚಿನವನೊಬ್ಬ ನಿಂತರೆ ಲೋಕ ಒಡೆಯುತ್ತದೆ. ಹಲಗೆಗೆ ಒಂದೇ ಸನ್ನಿವೇಶ: ಮದ್ಯದಂಗಡಿಯೆಂದರೆ ಅಲ್ಲಿರುವವರಷ್ಟೇ. ಎರಡಡಿಯ ಹಲಗೆಗೆ ಒಂಬತ್ತು ಗೊಂಬೆ ಸಾಕು. ನಡುವಿನ ಖಾಲಿ ಜಾಗವೂ ಸನ್ನಿವೇಶದ ಪಾಲೇ. ಅಂಗಾಲ ತೂತಿಗೆ ಪುಟ್ಟ ಗೂಟವಿರುವ ಪೀಠಗಳು ಸಿಗುತ್ತವೆ, ಅಂಟು ಮಾತ್ರ ಎಂದಿಗೂ ಬೇಡ. ಸೊಟ್ಟಗಾದ ಕಾಲನ್ನು ಬಿಸಿನೀರಲ್ಲಿ ಅರೆನಿಮಿಷ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿದರೆ ನಿಲ್ಲುತ್ತದೆ. ಆದರೆ ಕಾಗದದ ಸ್ಟಿಕ್ಕರ್ ಇರುವ ಆರ್2-ಡಿ2ಗೆ ನೀರು ತಾಕಿಸಬೇಡಿ, ಚಿನ್ನದ ಬಣ್ಣದ ಲೇಪವಿರುವ ಸಿ-3ಪಿಓವನ್ನು ಉಜ್ಜಬೇಡಿ. ಧೂಳಿಗೆ ಮೆದುವಾದ ಒಣ ಬ್ರಷ್ಷು ಸಾಕು. ವಿನೈಲ್ ಮೇಲಂಗಿ ಮೆದುವಾಗಿರಲು ಬೆರೆಸಿದ ಎಣ್ಣೆಯಂಥ ದ್ರವ ವರ್ಷಗಳ ಮೇಲೆ ಹೊರಗೆ ಒಸರಿ ಅಂಟಂಟಾಗುತ್ತದೆ. ಅದನ್ನು ಪಿವಿಸಿ ಚೀಲದಲ್ಲಿ ಕಟ್ಟಿಡಬೇಡಿ.

ಎಲ್ಲಕ್ಕಿಂತ ದೊಡ್ಡ ಶತ್ರು ಬೆಳಕು. ಬಿಸಿಲಿನ ನೇರಳಾತೀತ ಕಿರಣ ಮತ್ತು ಶಾಖ ಬಿಳಿ ಪ್ಲಾಸ್ಟಿಕ್ಕನ್ನು ಒಳಗಿನಿಂದಲೇ ಬದಲಿಸುತ್ತವೆ. ಎದೆಗೂ ಕೈಕಾಲಿಗೂ ಬಳಸಿದ ಪ್ಲಾಸ್ಟಿಕ್ ಬೇರೆಬೇರೆಯಾದ್ದರಿಂದ ಹಳದಿ ಒಂದೇ ಸಮ ಬರುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಮತ್ತೆ ಬೆಳ್ಳಗೆ ಮಾಡುವ ವಿಧಾನವಿದೆ. ಹಳದಿ ಮರಳಿ ಬರಬಹುದು, ಪ್ಲಾಸ್ಟಿಕ್ ಬಲ ಕಳೆದುಕೊಳ್ಳಬಹುದು. ಹಾಗೆ ಮಾಡಿಸಿದ್ದನ್ನು ಹೇಳದೆ ಮಾರುವುದು ಅಪ್ರಾಮಾಣಿಕತೆ. ನನ್ನ ಸೈನಿಕನನ್ನು ನಾನು ಇದ್ದ ಹಾಗೇ ಬಿಟ್ಟಿದ್ದೇನೆ.

ಪರಿಹಾರ ನಮ್ಮ ಮನೆಯಲ್ಲೇ ಇತ್ತು, ಕಾಣಲು ನನಗೆ ತಡವಾಯಿತು. ಅಮ್ಮ ನವರಾತ್ರಿಗೆ ಗೊಂಬೆ ಕೂರಿಸುತ್ತಿದ್ದರು. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಎಲ್ಲವನ್ನೂ ಹಳೆಯ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿ ಟ್ರಂಕಿಗೆ ಸೇರಿಸುತ್ತಿದ್ದರು. “ಇನ್ನೊಂದೆರಡು ದಿನ ಇರಲಮ್ಮಾ” ಎಂದರೆ, “ಕೂತದ್ದು ಸಾಕು, ಬಣ್ಣ ಹೋಗತ್ತೆ ಕಣೋ” ಎನ್ನುತ್ತಿದ್ದರು. ಅವರ ಅಜ್ಜಿಯ ಕಾಲದ ಗೊಂಬೆಗಳ ಕೆಂಪು ಇವತ್ತಿಗೂ ಕೆಂಪಾಗಿಯೇ ಇದೆ.

ಈಗ ನನ್ನ ಬಳಿಯಿರುವವರಲ್ಲಿ ಒಂಬತ್ತು ಜನ ಮಾತ್ರ ಒಮ್ಮೆಗೆ ಹೊರಗಿರುತ್ತಾರೆ. ಎರಡು ತಿಂಗಳಿಗೊಮ್ಮೆ ಅವರು ಒಳಗೆ ಹೋಗಿ ಬೇರೆಯವರು ಬರುತ್ತಾರೆ. ಕಪಾಟು ಬಿಸಿಲು ಬೀಳದ ಗೋಡೆಗೆ ಸರಿದಿದೆ, ಒಳಗೆ ಪುಟ್ಟ ಎಲ್‌ಇಡಿ ದೀಪ, ನೋಡುವಾಗ ಮಾತ್ರ ಹಚ್ಚುವುದು. ನಿಮ್ಮಲ್ಲೂ ಇಂಥ ಆಳುಗಳಿದ್ದರೆ ಈ ಭಾನುವಾರ ಸಂಜೆ ನಾಲ್ಕಕ್ಕೆ ಅವರ ಎದುರು ನಿಂತು ಬಿಸಿಲು ಎಲ್ಲಿ ಬೀಳುತ್ತದೆ ನೋಡಿ. ಅವರ ಮೇಲೆ ಬಿದ್ದರೆ ಕಪಾಟನ್ನು ಅಂದೇ ಸರಿಸಿ.