‘ದೊಡ್ಡವನಾದ ಮೇಲೆ ಸರಿಹೋಗ್ತಾನೆ’ ಎಂಬ ಭರವಸೆಯ ಪರೀಕ್ಷೆ

ಬೆಳಗಾದರೆ ಹೊಟ್ಟೆನೋವೆಂದು ಶಾಲೆ ತಪ್ಪಿಸುವ, ಕೂತಲ್ಲಿ ಕೂರದ, ತಿಂಗಳುಗಟ್ಟಲೆ ಯಾರೊಡನೆಯೂ ಮುಖ ಕೊಟ್ಟು ಮಾತಾಡದ ಮಗುವಿನ ಬಗ್ಗೆ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವುದು ಒಂದೇ ಸಮಾಧಾನ: ‘ದೊಡ್ಡವನಾದ ಮೇಲೆ ತಾನೇ ಸರಿಹೋಗ್ತಾನೆ ಬಿಡಿ.’ ಅಜ್ಜಿ ಹೇಳುತ್ತಾರೆ, ಮೇಷ್ಟ್ರು ಹೇಳುತ್ತಾರೆ, ಕೆಲವೊಮ್ಮೆ ಡಾಕ್ಟರೂ ಹೇಳುತ್ತಾರೆ. ಇದನ್ನು ಬರೀ ಮೌಢ್ಯವೆಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಹಾಸಿಗೆ ಒದ್ದೆ ಮಾಡುವುದು, ಕತ್ತಲೆಯ ಹೆದರಿಕೆ, ಎಳೆಯ ವಯಸ್ಸಿನ ಉಗ್ಗು ಇವು ಬಹುಪಾಲು ಮಕ್ಕಳಲ್ಲಿ ಬಿಟ್ಟುಹೋಗುವುದನ್ನು ತಲೆಮಾರುಗಳು ಕಂಡಿವೆ. ತಡೆಯಲಾಗದೆ ಕಣ್ಣು ಮಿಟುಕಿಸುವ, ಕತ್ತು ಕೊಂಕಿಸುವ ‘ಟಿಕ್’ ತೊಂದರೆಯೂ ಸಾಮಾನ್ಯವಾಗಿ ಹತ್ತು-ಹನ್ನೆರಡರ ವಯಸ್ಸಿನಲ್ಲಿ ಹೆಚ್ಚಾಗಿ, ಯೌವನಕ್ಕೆ ಬರುವಷ್ಟರಲ್ಲಿ ಹೆಚ್ಚಿನವರಲ್ಲಿ ತಗ್ಗುತ್ತದೆ. ಹದಿಹರೆಯದಲ್ಲಷ್ಟೇ ಕಾಣಿಸಿಕೊಂಡು ಮುಗಿಯುವ ಪುಂಡಾಟ ಬೇರೆ, ಬಾಲ್ಯದಲ್ಲೇ ಬೇರೂರಿ ಬದುಕಿಡೀ ಉಳಿಯುವ ಒರಟುತನ ಬೇರೆ ಎಂದು ಮನೋವಿಜ್ಞಾನಿ ಟೆರಿ ಮಾಫಿಟ್ 1993ರಲ್ಲೇ ವಾದಿಸಿದ್ದರು. ಹಾಗಾಗಿ ಆ ಸಮಾಧಾನದ ಮಾತಿನಲ್ಲಿ ಸತ್ಯದ ಅಂಶ ಇದ್ದೇ ಇದೆ. ಯಾವ ಮಗುವಿಗೆ ಅದನ್ನು ಹೇಳುತ್ತಿದ್ದೇವೆ, ‘ಸರಿಹೋಗುವುದು’ ಎಂದರೆ ಏನನ್ನು ಅಳೆಯುತ್ತಿದ್ದೇವೆ ಎಂಬುದನ್ನು ಕೇಳದೆ ಎಲ್ಲರಿಗೂ ಅದನ್ನೇ ಹಂಚುವುದರಲ್ಲಿ ತಪ್ಪಿದೆ.

ಇದನ್ನು ಪರೀಕ್ಷಿಸಲು ಒಮ್ಮೆ ಎಣಿಸಿ ಬಂದರೆ ಸಾಲದು. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಪ್ರದೇಶಗಳಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಹದಿನಾರರವರೆಗಿನ ಮಕ್ಕಳಲ್ಲಿ ಶೇ 12.5ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆಯೆಂದು ತೋರಿಸಿತು. ಬೆಲೆಯುಳ್ಳ ಕೆಲಸ ಅದು. ಆದರೆ ಆ ಮಕ್ಕಳು ಮುಂದೆ ಏನಾದರು ಎಂಬುದನ್ನು ಅಂಥ ಎಣಿಕೆ ಹೇಳಲಾರದು. ಅದಕ್ಕೆ ಅದೇ ಮಕ್ಕಳ ಬೆನ್ನುಹತ್ತಿ ವರ್ಷಗಟ್ಟಲೆ ನಡೆಯಬೇಕು. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪಶ್ಚಿಮದ ಗುಡ್ಡಗಾಡಿನಲ್ಲಿ 1993ರಲ್ಲಿ ಆರಂಭವಾದ ‘ಗ್ರೇಟ್ ಸ್ಮೋಕಿ ಮೌಂಟನ್ಸ್’ ಅಧ್ಯಯನ ಹಾಗೆ ನಡೆಯಿತು. 9, 11 ಮತ್ತು 13 ವರ್ಷದ 1,420 ಮಕ್ಕಳನ್ನು ಅದು ಪ್ರಾಯಕ್ಕೆ ಬರುವವರೆಗೂ ಬಿಡದೆ ಮಾತಾಡಿಸಿತು. 2015ರಲ್ಲಿ ವಿಲಿಯಂ ಕೋಪ್‌ಲ್ಯಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಹೀಗಿದೆ: ಬಾಲ್ಯದಲ್ಲಿ ಯಾವ ತೊಂದರೆಯೂ ಇಲ್ಲದವರಲ್ಲಿ ಶೇ 19.9 ಮಂದಿಗೆ ಪ್ರಾಯದಲ್ಲಿ ಆರೋಗ್ಯ, ಕಾನೂನು, ಹಣಕಾಸು, ಸಂಬಂಧ ಇವುಗಳ ಪೈಕಿ ಎಲ್ಲೋ ಒಂದು ಕಡೆ ದೊಡ್ಡ ಪೆಟ್ಟು ಬಿದ್ದಿತ್ತು. ಕಾಯಿಲೆಯಿದ್ದ ಮಕ್ಕಳಲ್ಲಿ ಈ ಪ್ರಮಾಣ ಶೇ 59.5. ಕಾಯಿಲೆಯೆನ್ನುವಷ್ಟು ಲಕ್ಷಣಗಳಿಲ್ಲದೆ ಅಂಚಿನಲ್ಲಿದ್ದವರಲ್ಲೂ ಶೇ 41.9. ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇದರ ಮುಂದಿನ ಮಾತಿನಲ್ಲಿದೆ. ಪ್ರಾಯಕ್ಕೆ ಬಂದ ಮೇಲೆ ಕಾಯಿಲೆ ಉಳಿದಿರದಿದ್ದರೂ ಈ ಪೆಟ್ಟಿನ ಸಂಭವ ಹೆಚ್ಚೇ ಇತ್ತು. ಅಂದರೆ ರೋಗ ಹೋಗಬಹುದು. ರೋಗ ಇದ್ದಾಗ ತಪ್ಪಿಹೋದ ಓದು, ಕಟ್ಟಿಕೊಳ್ಳಲಾಗದ ಸ್ನೇಹ, ಬೆಳೆಯದೆ ಉಳಿದ ಧೈರ್ಯ ರೋಗ ಹೋದ ಮಾತ್ರಕ್ಕೆ ಮರಳಿ ಬರುವುದಿಲ್ಲ. ಹತ್ತನೇ ತರಗತಿಯ ವರ್ಷವನ್ನು ಖಿನ್ನತೆಗೆ ಕಳೆದುಕೊಂಡ ಹುಡುಗ ಇಪ್ಪತ್ತೈದಕ್ಕೆ ನಗುನಗುತ್ತಾ ಇದ್ದರೂ ಅವನ ಮುಂದಿನ ದಾರಿಗಳು ಆ ವರ್ಷವೇ ಕಿರಿದಾಗಿರುತ್ತವೆ.

ಇಲ್ಲೊಂದು ಗಟ್ಟಿ ಆಕ್ಷೇಪ ಏಳುತ್ತದೆ. ಬಡತನ, ಒಡೆದ ಸಂಸಾರ, ಹಿಂಸೆ ಇವೇ ಬಾಲ್ಯದ ಕಾಯಿಲೆಗೂ ಪ್ರಾಯದ ಸೋಲಿಗೂ ಕಾರಣವಾಗಿರಬಹುದಲ್ಲ, ಕಾಯಿಲೆಯನ್ನೇಕೆ ದೂರಬೇಕು? ಸಂಶೋಧಕರು ಬಾಲ್ಯದ ಕಷ್ಟಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಅಳಿಯಲಿಲ್ಲ ಎಂಬುದು ಒಂದು ಉತ್ತರ. ಇದಕ್ಕಿಂತ ಹೆಚ್ಚು ಕಲಿಸುವ ಉತ್ತರ ಅದೇ ಗುಡ್ಡಗಾಡಿನಲ್ಲಿ ಅಚಾನಕ್ಕಾಗಿ ದೊರೆಯಿತು. ಅಲ್ಲಿನ ಚೆರೊಕೀ ಮೂಲನಿವಾಸಿಗಳ ನೆಲದಲ್ಲಿ ಅಧ್ಯಯನದ ನಡುವೆಯೇ ಕ್ಯಾಸಿನೊ ತೆರೆಯಿತು, 1996ರಿಂದ ಅದರ ಲಾಭದ ಪಾಲು ಬುಡಕಟ್ಟಿನ ಪ್ರತಿಯೊಬ್ಬರಿಗೂ ಸಂದಾಯವಾಗತೊಡಗಿತು. ಜೇನ್ ಕಾಸ್ಟೆಲೊ ಅವರ ತಂಡ 2003ರಲ್ಲಿ ವರದಿ ಮಾಡಿದಂತೆ, ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಹಟಮಾರಿತನ, ಜಗಳಗಂಟಿತನದ ಲಕ್ಷಣಗಳು ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಇಳಿದವು. ತಂದೆತಾಯಿಗೆ ಮಕ್ಕಳ ಮೇಲೆ ಕಣ್ಣಿಡಲು ಬಿಡುವು ಸಿಕ್ಕಿದ್ದು ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡರು. ಬಡತನದಲ್ಲೇ ಉಳಿದ ಮಕ್ಕಳಿಗೂ ವಯಸ್ಸಾಗುತ್ತಲೇ ಇತ್ತು. ಅವರಲ್ಲಿ ಆ ಇಳಿತ ಕಾಣಲಿಲ್ಲ. ಮಕ್ಕಳನ್ನು ಸರಿಮಾಡಿದ್ದು ವಯಸ್ಸಲ್ಲ, ಮನೆಯ ಸ್ಥಿತಿ. ಅದೂ ಎಲ್ಲ ತೊಂದರೆಗಲ್ಲ: ಆತಂಕ ಮತ್ತು ಖಿನ್ನತೆ ಆಗ ಹೇಳಿಕೊಳ್ಳುವಂತೆ ಕಡಿಮೆಯಾಗಲಿಲ್ಲ. ಗದ್ದಲ ಮಾಡುವ ಹುಡುಗನನ್ನು ಯಾರಾದರೂ ಗಮನಿಸುತ್ತಾರೆ. ಮೂಲೆಯಲ್ಲಿ ಕೂತು ಒಳಗೊಳಗೇ ನಡುಗುವ ಹುಡುಗಿಯನ್ನು ನಾವು ‘ನಾಚಿಕೆ ಸ್ವಭಾವ, ಒಳ್ಳೆ ಹುಡುಗಿ’ ಎಂದು ಹೊಗಳಿಬಿಡುತ್ತೇವೆ.

ಸರಿಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುವವರಿಗೆ ಎಡಿಎಚ್‌ಡಿಯ ಉದಾಹರಣೆ ಕೊಡಬೇಕು. ಗಮನ ನಿಲ್ಲದ, ಚಡಪಡಿಸುವ ಈ ತೊಂದರೆ ಅರ್ಧಕ್ಕರ್ಧ ಮಕ್ಕಳಲ್ಲಿ ಬೆಳೆಯುತ್ತಾ ಹೋಗಿಬಿಡುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಮಾರ್ಗರೆಟ್ ಸಿಬ್ಲಿ ಮತ್ತು ಸಂಗಡಿಗರು 558 ಮಕ್ಕಳನ್ನು ಹದಿನಾರು ವರ್ಷಗಳ ಕಾಲ ಮತ್ತೆ ಮತ್ತೆ ನೋಡಿದಾಗ, ಗುಣವಾಗಿ ಹಾಗೆಯೇ ಉಳಿದವರು ಶೇ 9ರಷ್ಟು ಮಾತ್ರ. ಶೇ 64ರಷ್ಟು ಮಂದಿಯಲ್ಲಿ ತೊಂದರೆ ಹೋಗುತ್ತಾ ಬರುತ್ತಾ ಇತ್ತು. ಹೋಗಿದ್ದ ಹೊತ್ತಿನಲ್ಲಿ ನೋಡಿದವರು ವಾಸಿಯಾಯಿತೆಂದು ಹೇಳಿದ್ದು ಸುಳ್ಳೇನಲ್ಲ. ಅವರು ಮತ್ತೊಮ್ಮೆ ನೋಡಲಿಲ್ಲ, ಅಷ್ಟೇ.

ಇಷ್ಟಾದರೂ ಪ್ರತಿ ಮಗುವಿನ ಅಳುವಿಗೂ ರೋಗದ ಹೆಸರಿಡಬೇಕೇ ಎಂಬ ಪ್ರಶ್ನೆಯನ್ನು ನಾನು ಗೌರವದಿಂದಲೇ ಕೇಳಿಸಿಕೊಳ್ಳುತ್ತೇನೆ. ಹೆಸರು ಅಂಟಿಕೊಳ್ಳುತ್ತದೆ, ನಮ್ಮಲ್ಲಂತೂ ಹೆಣ್ಣುಮಕ್ಕಳನ್ನು ಮದುವೆಯವರೆಗೂ ಬೆನ್ನಟ್ಟುತ್ತದೆ. ಕಾಯುವುದು ಬೇಡವೆಂದು ಪುರಾವೆಯೂ ಹೇಳುತ್ತಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯದಲ್ಲಿ ಸುಮಾರು ಎರಡು ಸಾವಿರ ಹದಿಹರೆಯದವರನ್ನು ಅನುಸರಿಸಿದ ಜಾರ್ಜ್ ಪ್ಯಾಟನ್ ತಂಡದ 2014ರ ವರದಿ ಇಲ್ಲಿ ಬಹಳ ಉಪಯುಕ್ತ. ಆರು ತಿಂಗಳೊಳಗೆ ಮುಗಿದ ಒಂದೇ ಒಂದು ಖಿನ್ನತೆ ಅಥವಾ ಆತಂಕದ ಕಂತು ಕಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಪ್ರಾಯದಲ್ಲಿ ಅದು ಮರುಕಳಿಸಲೇ ಇಲ್ಲ. ದೀರ್ಘಕಾಲ ಎಳೆದ, ಮತ್ತೆ ಮತ್ತೆ ಬಂದ ತೊಂದರೆ ಮುಂದುವರಿಯುವ ಸಂಭವ ಹೆಚ್ಚು. ಕಾಯಿಲೆಯ ಹೆಸರಿಗಿಂತ ಅದು ಎಷ್ಟು ಕಾಲ ಇದೆ ಎಂಬ ಲೆಕ್ಕ ಮನೆಯವರೂ ಇಡಬಹುದಾದದ್ದು, ಅದಕ್ಕೆ ಯಾವ ಕಳಂಕವೂ ಇಲ್ಲ. ನಮ್ಮ ಸಮಾಧಾನದ ಮಾತಿಗೆ ಇಲ್ಲದಿರುವುದು ಈ ಗಡುವೇ. ಐದನೇ ತರಗತಿಯಲ್ಲಿ ‘ಹೈಸ್ಕೂಲಿಗೆ ಹೋದರೆ ಸರಿಹೋಗ್ತಾನೆ’, ಹೈಸ್ಕೂಲಿನಲ್ಲಿ ‘ಕಾಲೇಜಿಗೆ ಹೋದರೆ’, ಕೊನೆಗೆ ‘ಒಂದು ಮದುವೆ ಮಾಡಿದರೆ’. ಆಗ ಕಾಯುವ ಹೊರೆ ಏನೂ ಅರಿಯದೆ ಬಂದ ಇನ್ನೊಂದು ಜೀವದ ಮೇಲೂ ಬೀಳುತ್ತದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮಕ್ಕಳ ಶಿಸ್ತಿಗೆ ಇಷ್ಟು ಅವಸರ ಮಾಡುವ ಮನೆಗಳು ಅವರ ನೋವಿನ ವಿಷಯದಲ್ಲಿ ಮಾತ್ರ ಮರವಾಗಲಿ ಎಂದು ಕಾಯುತ್ತವೆ. ಕೆಲವು ವಾರ ನೋಡೋಣ ಎನ್ನುವ ತಾಯಿ ತಪ್ಪು ಮಾಡುತ್ತಿಲ್ಲ. ಆ ವಾರಗಳಲ್ಲಿ ನಿದ್ದೆ, ಊಟ, ಶಾಲೆ, ಗೆಳೆಯರು ಇವುಗಳ ಮೇಲೆ ಕಣ್ಣಿರಲಿ. ಎರಡು ಮೂರು ತಿಂಗಳಾದರೂ ಮಗು ಶಾಲೆಯ ಗೇಟು ದಾಟದಿದ್ದರೆ, ಸಾಯುವ ಮಾತಾಡಿದರೆ ಅದೇ ದಿನ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಲಿ, ಇಲ್ಲವೇ ಟೆಲಿಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಲಿ.